ಬಿಸಿಯೂಟದ ಲೆಕ್ಕದ ಮೇಲೆ ಒಂದು ವಾರದ ಪಾಠ

ನಾಲ್ಕು ಮತ್ತು ಐದನೇ ತರಗತಿಗಳನ್ನು ಒಂದೇ ಕೊಠಡಿಯಲ್ಲಿ ಕೂರಿಸಿಕೊಂಡು ಪಾಠ ಮಾಡುವ ಶಿಕ್ಷಕರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಅರವತ್ತು ಮಕ್ಕಳವರೆಗೆ ಇಬ್ಬರು ಶಿಕ್ಷಕರು. ಹೀಗಾಗಿ ಸಣ್ಣ ಊರುಗಳಲ್ಲಿ ಒಬ್ಬರು ಒಂದರಿಂದ ಮೂರರವರೆಗಿನ ನಲಿ-ಕಲಿ ನೋಡಿಕೊಂಡರೆ ಇನ್ನೊಬ್ಬರ ಪಾಲಿಗೆ ನಾಲ್ಕು-ಐದು ಬರುತ್ತದೆ. ನಲಿ-ಕಲಿಯಲ್ಲಿ ಕಾರ್ಡುಗಳಿವೆ, ಮಕ್ಕಳು ಗುಂಪಾಗಿ ಕೂರುವ ತಟ್ಟೆಗಳಿವೆ, ಪ್ರತಿ ಮಗು ಎಲ್ಲಿದೆ ಎಂದು ತೋರಿಸುವ ಕಲಿಕಾ ಏಣಿ ಇದೆ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾದ ಆ ಪದ್ಧತಿ ಬಹುವರ್ಗ ಬೋಧನೆಗೆಂದೇ ಬೆಳೆದದ್ದು. ಮಗು ನಾಲ್ಕನೇ ತರಗತಿಗೆ ಬಂದ ಕೂಡಲೇ ಆ ಆಸರೆ ತಪ್ಪಿಹೋಗುತ್ತದೆ. ಎರಡು ತರಗತಿ, ತಲಾ ನಾಲ್ಕು ವಿಷಯ, ಒಬ್ಬರೇ ಶಿಕ್ಷಕರು. ವೇಳಾಪಟ್ಟಿಯ ಪ್ರಕಾರ ಹೋದರೆ ನಾಲ್ಕಕ್ಕೆ ಪಾಠ ಮಾಡುವಾಗ ಐದು ಸುಮ್ಮನೆ ನಕಲು ಬರೆಯುತ್ತದೆ, ಐದಕ್ಕೆ ಮಾಡುವಾಗ ನಾಲ್ಕು ಬರೆಯುತ್ತದೆ. ಅರ್ಧ ದಿನ ಹೀಗೆಯೇ ಸೋರಿಹೋಗುತ್ತದೆ.

ಅವಧಿಗಳನ್ನು ಒಂದೊಂದಾಗಿ ತುಂಬಿಸುವುದನ್ನು ಬಿಟ್ಟು ಇಡೀ ವಾರವನ್ನು ಒಂದೇ ಕೆಲಸವಾಗಿ ನೋಡಿ. ಶನಿವಾರ ಮಕ್ಕಳ ಕೈಯಿಂದ ಒಂದು ವಸ್ತು ಹೊರಬರಬೇಕು. ಆ ವಸ್ತು ಯಾರಿಗಾದರೂ ನಿಜವಾಗಿ ಬೇಕಾಗಿರಬೇಕು. ಅದೇನೆಂದು ಮೊದಲು ಗೊತ್ತುಮಾಡಿಕೊಂಡು ಅಲ್ಲಿಂದ ಹಿಂದಕ್ಕೆ ಸೋಮವಾರದವರೆಗೆ ಯೋಜನೆ ಹಾಕಿ. ಇಲ್ಲಿ ನಾನು ಹಿಡಿದುಕೊಂಡಿರುವುದು ಅಕ್ಷರ ದಾಸೋಹದ ಅಡುಗೆಮನೆಯನ್ನು. ಬೆಳಿಗ್ಗೆ ಅಡುಗೆಯವರು ಬಾಗಿಲ ಬಳಿ ಬಂದು ‘ಇವತ್ತು ಎಷ್ಟು ಮಕ್ಕಳು?’ ಎಂದು ಕೇಳುತ್ತಾರಲ್ಲ, ಆ ಪ್ರಶ್ನೆಯಲ್ಲಿ ಗಣಿತದ ಒಂದು ಇಡೀ ಘಟಕವೇ ಇದೆ. ಮಕ್ಕಳು ಮಾಡಬೇಕಾದದ್ದು ಒಂದು ಪಟ್ಟಿ: ಹಾಜರಾತಿ ಒಂದರಿಂದ ಐವತ್ತರವರೆಗೆ ಎಷ್ಟೇ ಇರಲಿ, ಅಕ್ಕಿ, ಬೇಳೆ, ತರಕಾರಿ, ಎಣ್ಣೆ ಎಷ್ಟೆಷ್ಟು ಬೇಕೆಂದು ನೋಡಿದ ಕೂಡಲೇ ತಿಳಿಯುವ ಗೋಡೆಪಟ್ಟಿ. ಶನಿವಾರ ಅದು ಅಡುಗೆಮನೆಯ ಗೋಡೆಗೆ ಹೋಗುತ್ತದೆ.

ವಾರ ಶುರುವಾಗುವ ಮೊದಲು

ಹಿಂದಿನ ಶನಿವಾರ ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಕುಳಿತುಕೊಳ್ಳಿ. ಶಿಕ್ಷಣ ಹಕ್ಕು ಕಾಯ್ದೆ ಶಿಕ್ಷಕರಿಗೆ ಹೇಳಿರುವ ವಾರದ 45 ಗಂಟೆಗಳಲ್ಲಿ ಪಾಠದ ಸಿದ್ಧತೆಯೂ ಸೇರಿದೆ. ಇದು ಹೆಚ್ಚುವರಿ ಕೆಲಸವೆಂದು ಯಾರೂ ಭಾವಿಸಬೇಕಾಗಿಲ್ಲ.

ಒಂದರಿಂದ ಐದನೇ ತರಗತಿಯ ಮಗುವಿಗೆ ದಿನಕ್ಕೆ ನಿಗದಿಯಾಗಿರುವುದು 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ನಿಮ್ಮ ಶಾಲೆಗೆ ಬಂದ ಸುತ್ತೋಲೆಯಲ್ಲಿ ಬೇರೆ ಪ್ರಮಾಣ ಇದ್ದರೆ ಅದನ್ನೇ ಹಿಡಿಯಿರಿ. ಪಟ್ಟಿಯನ್ನು ನಾಳೆ ಯಾರಾದರೂ ತಪಾಸಣೆ ಮಾಡಿದರೂ ಸರಿಯಿರಬೇಕು. ಮುಖ್ಯ ಅಡುಗೆಯವರ ಜೊತೆ ಮಾತಾಡಿ, ಮಕ್ಕಳು ಯಾವ ಹೊತ್ತಿಗೆ ಬಂದರೆ ಅವರ ಕೆಲಸಕ್ಕೆ ತೊಂದರೆಯಾಗುವುದಿಲ್ಲ ಎಂದು ಕೇಳಿಕೊಳ್ಳಿ. ಒಲೆ ಹೊತ್ತಿಸುವ ಮೊದಲಿನ ಹೊತ್ತೇ ಸರಿ. ಮಕ್ಕಳು ದಾಸ್ತಾನು ಕೋಣೆ ಮತ್ತು ತೂಕದ ಯಂತ್ರದವರೆಗೆ ಮಾತ್ರ ಹೋಗಬೇಕು, ಒಲೆಯ ಹತ್ತಿರ ಯಾರೂ ಸುಳಿಯಬಾರದು.

ಇಷ್ಟಾದ ಮೇಲೆ ಎರಡೂ ತರಗತಿಯ ಪಠ್ಯಪುಸ್ತಕಗಳನ್ನು ತೆರೆದು, ತೂಕ, ಗುಣಾಕಾರ, ಆಹಾರ, ಸಸ್ಯ, ದತ್ತಾಂಶ ಇರುವ ಪಾಠಗಳ ಪುಟಸಂಖ್ಯೆಗಳನ್ನು ವಾರದ ಯೋಜನೆಯ ಪಕ್ಕದಲ್ಲೇ ಬರೆದಿಟ್ಟುಕೊಳ್ಳಿ. ಸಿಆರ್‌ಪಿಯವರು (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಬಂದು ಪಾಠ ಯೋಜನೆ ಕೇಳಿದಾಗ ಯಾವ ಕಲಿಕಾ ಫಲಕ್ಕೆ ಯಾವ ದಿನದ ಕೆಲಸ ಎಂದು ತೋರಿಸುವುದು ಸುಲಭವಾಗುತ್ತದೆ. ಬೇಕಾದ ಸಾಮಗ್ರಿ ಹೆಚ್ಚೇನಿಲ್ಲ: ಒಂದು ದೊಡ್ಡ ಡ್ರಾಯಿಂಗ್ ಹಾಳೆ, ಸ್ಕೆಚ್ ಪೆನ್ನು, ಒಂದು ಹಿಡಿ ಹೆಸರುಕಾಳು, ಮೂರು ಲೋಟ, ಖಾಲಿ ಎಣ್ಣೆ ಪ್ಯಾಕೆಟ್ಟು.

ಊಟ ಹೊರಗಿನಿಂದ ಪಾತ್ರೆಗಳಲ್ಲಿ ಬರುವ ನಗರದ ಶಾಲೆಗಳಲ್ಲಿ ಈ ಲೆಕ್ಕ ಕೈಗೆ ಸಿಗುವುದಿಲ್ಲ. ಅಂಥಲ್ಲಿ ಕ್ಷೀರಭಾಗ್ಯದ ಹಾಲನ್ನು ಹಿಡಿಯಿರಿ. ಒಂದು ಮಗುವಿಗೆ 18 ಗ್ರಾಂ ಹಾಲಿನ ಪುಡಿಯಿಂದ 150 ಮಿಲಿಲೀಟರ್ ಹಾಲು. ಗುಣಾಕಾರ ಸ್ವಲ್ಪ ಗಟ್ಟಿಯಾಗುತ್ತದೆ, ಐದನೇ ತರಗತಿಗೆ ಅದು ಒಳ್ಳೆಯದೇ.

ಸೋಮವಾರ: ತೂಕ ಮಾಡುವುದು

ಪ್ರಾರ್ಥನೆ ಮುಗಿದ ಮೇಲೆ ಐದನೇ ತರಗತಿಯ ಇಬ್ಬರು ಮಕ್ಕಳು ಎಲ್ಲ ತರಗತಿಗಳ ಹಾಜರಾತಿ ತರಲಿ. ಕೂಡಿಸಿ ಕಪ್ಪುಹಲಗೆಯ ಮೂಲೆಯಲ್ಲಿ ಬರೆಯಲಿ. ಇಂದು 41 ಮಕ್ಕಳು ಬಂದಿದ್ದಾರೆ ಎಂದಿಟ್ಟುಕೊಳ್ಳೋಣ. ಲೆಕ್ಕ ಹೇಳಿಕೊಡುವ ಮೊದಲು ಅಂದಾಜು ಕೇಳಿ: ಅಕ್ಕಿ ಎಷ್ಟು ಬೇಕಾಗಬಹುದು? ಯಾರು ಏನು ಹೇಳಿದರೂ ಹೆಸರಿನ ಮುಂದೆ ಬರೆದುಕೊಳ್ಳಿ. ಕೆಲವರು ಹತ್ತು ಕಿಲೋ ಎನ್ನುತ್ತಾರೆ, ಕೆಲವರು ಒಂದು ಕಿಲೋ ಎನ್ನುತ್ತಾರೆ. ಅದರಲ್ಲಿ ತಪ್ಪಿಲ್ಲ. ತೂಕ ಎಂಬುದನ್ನು ಈ ಮಕ್ಕಳು ಪುಸ್ತಕದಲ್ಲಿ ಅಂಕಿಯಾಗಿ ಮಾತ್ರ ನೋಡಿರುತ್ತಾರೆ, ಕೈಯಲ್ಲಿ ಹಿಡಿದು ನೋಡಿರುವುದಿಲ್ಲ.

ನಂತರ ಐದೈದು ಮಕ್ಕಳ ಗುಂಪಾಗಿ ದಾಸ್ತಾನು ಕೋಣೆಗೆ ಹೋಗಿ. ಒಬ್ಬ ಮಗುವಿನ ಪಾಲಿನ 100 ಗ್ರಾಂ ಅಕ್ಕಿಯನ್ನು ತೂಗಿ, ಶುದ್ಧವಾದ ಒಂದು ಬಟ್ಟಲಿಗೆ ಸುರಿದು ತೋರಿಸಿ. 20 ಗ್ರಾಂ ಬೇಳೆಯನ್ನೂ ಹಾಗೆಯೇ. ಒಬ್ಬರಿಗೆ ಇಷ್ಟು ಎಂಬುದು ಕಣ್ಣಿಗೆ ಕಂಡರೆ ಮುಂದಿನದೆಲ್ಲ ಅದರ ಮೇಲೆ ನಿಲ್ಲುತ್ತದೆ. ಹೆಚ್ಚಿನ ಶಾಲೆಗಳಲ್ಲಿ ಅಡುಗೆಯವರು ಪ್ರತಿದಿನ ಯಂತ್ರದಲ್ಲಿ ತೂಗುವುದಿಲ್ಲ. ಅವರದೇ ಒಂದು ಡಬ್ಬ ಇರುತ್ತದೆ, ಇಲ್ಲವೇ ಪಾವು, ಸೇರು. ಆ ಡಬ್ಬದ ತುಂಬ ಅಕ್ಕಿ ಎಷ್ಟು ಗ್ರಾಂ ತೂಗುತ್ತದೆ ಎಂದು ಮಕ್ಕಳೇ ಮೂರು ಸಲ ತೂಗಿ ಬರೆದುಕೊಳ್ಳಲಿ. ಮೂರು ಸಲವೂ ಸ್ವಲ್ಪ ಬೇರೆ ಬರುತ್ತದೆ, ಏಕೆ ಎಂದು ಮಕ್ಕಳೇ ಹೇಳುತ್ತಾರೆ: ಒಮ್ಮೆ ಒತ್ತಿ ತುಂಬಿದ್ದರು, ಒಮ್ಮೆ ಡಬ್ಬದ ಬಾಯಿಯ ಮಟ್ಟಕ್ಕೆ ಸವರಿದ್ದರು. ಈ ಅಂಕಿಯೂ ಪಟ್ಟಿಯಲ್ಲಿ ಬೇಕು. ಅಡುಗೆಯವರಿಗೆ ಕಿಲೋಗಿಂತ ಡಬ್ಬದ ಲೆಕ್ಕವೇ ಹತ್ತಿರ.

ಕೊಠಡಿಗೆ ಮರಳಿದ ಮೇಲೆ ಕೆಲಸವನ್ನು ಎರಡು ಭಾಗ ಮಾಡಿ. ನಾಲ್ಕನೇ ತರಗತಿಯವರು ಹತ್ತರ ಗುಂಪಿನಲ್ಲಿ ಹೋಗಲಿ: ಹತ್ತು ಮಕ್ಕಳಿಗೆ 1 ಕಿಲೋ ಅಕ್ಕಿ, ನಲವತ್ತಕ್ಕೆ 4 ಕಿಲೋ, ಉಳಿದ ಒಂದು ಮಗುವಿಗೆ 100 ಗ್ರಾಂ. ಐದನೇ ತರಗತಿಯವರು ನೇರವಾಗಿ ಗುಣಿಸಲಿ: ಬೇಳೆ 820 ಗ್ರಾಂ, ತರಕಾರಿ 2050 ಗ್ರಾಂ, ಎಣ್ಣೆ 205 ಗ್ರಾಂ.

ಇಲ್ಲಿ ಒಂದು ಕಡೆ ಎಚ್ಚರವಾಗಿರಿ. 2050 ಗ್ರಾಂ ಅನ್ನು ಕಿಲೋಗೆ ಬದಲಿಸಲು ಹೇಳಿದರೆ ಅರ್ಧ ತರಗತಿ ‘2 ಕಿಲೋ 500 ಗ್ರಾಂ’ ಎಂದು ಬರೆಯುತ್ತದೆ. ಸೊನ್ನೆಯ ಜಾಗ ಆಚೀಚೆಯಾಗಿರುತ್ತದೆ. ಕೆಂಪು ಪೆನ್ನಿನಲ್ಲಿ ಅಡ್ಡಗೀಟು ಹಾಕಿದರೆ ಏನೂ ಆಗುವುದಿಲ್ಲ. 50 ಗ್ರಾಂ ಬೇಳೆಯ ಪೊಟ್ಟಣವನ್ನು ಒಂದು ಕೈಗೂ 500 ಗ್ರಾಂ ಪೊಟ್ಟಣವನ್ನು ಇನ್ನೊಂದು ಕೈಗೂ ಕೊಡಿ. ಎರಡರಲ್ಲಿ ಯಾವುದು ಸೇರಬೇಕು ಎಂದು ಕೇಳಿ. ಮಗು ತಾನೇ ಹೋಗಿ ಅಳಿಸಿ ಬರೆಯುತ್ತದೆ. ಸಾವಿರ, ನೂರು, ಹತ್ತು, ಬಿಡಿ ಎಂಬ ನಾಲ್ಕು ಮನೆಗಳನ್ನು ಗೀಚಿ ಅಂಕಿ ತುಂಬಿಸುವುದು ಇದಾದ ಮೇಲೆ. ಈ ತಪ್ಪು ಬುಧವಾರ ಮತ್ತೆ ಬರುತ್ತದೆ, ಶುಕ್ರವಾರವೂ ಕೆಲವರಲ್ಲಿ ಬರುತ್ತದೆ. ಅದನ್ನು ಗುರುತಿಟ್ಟುಕೊಳ್ಳಿ, ಬೈಯಬೇಡಿ.

ಸಂಜೆ ಬಿಡುವ ಮೊದಲು ಸ್ವಲ್ಪ ಹೆಸರುಕಾಳನ್ನು ಒಣದಾಗಿಯೇ ಉಳಿಸಿಕೊಂಡು ಮಿಕ್ಕದ್ದನ್ನು ನೀರಿನಲ್ಲಿ ನೆನೆಹಾಕಿ.

ಮಂಗಳವಾರ: ಅಡುಗೆಮನೆಯ ಒತ್ತಕ್ಷರಗಳು

ನಾಲ್ಕನೇ ತರಗತಿಯಲ್ಲಿ ಕೆಲವು ಮಕ್ಕಳು ಕಾಗುಣಿತದವರೆಗೆ ಸರಾಗವಾಗಿ ಓದಿ ಒತ್ತಕ್ಷರ ಬಂದ ಕೂಡಲೇ ನಿಂತುಬಿಡುತ್ತಾರೆ. ಅವರಿಗೆ ಅಡುಗೆಮನೆಗಿಂತ ಒಳ್ಳೆಯ ಪಾಠದ ಪುಟ ಇಲ್ಲ. ಪದಗಳನ್ನು ಸುಮ್ಮನೆ ಸಾಲಾಗಿ ಬರೆದು ನೋಡಿ: ಅಕ್ಕಿ, ಉಪ್ಪು, ಎಣ್ಣೆ, ಬೆಲ್ಲ, ಸಕ್ಕರೆ, ಮೊಟ್ಟೆ, ಸೊಪ್ಪು, ಹಣ್ಣು, ಮಜ್ಜಿಗೆ, ಈರುಳ್ಳಿ, ಬೆಳ್ಳುಳ್ಳಿ, ಕೊತ್ತಂಬರಿ, ಒಗ್ಗರಣೆ. ಎಲ್ಲವೂ ಸಜಾತೀಯ ಒತ್ತಕ್ಷರಗಳು. ಕ್ಕ, ಪ್ಪ, ಣ್ಣ, ಲ್ಲ, ಟ್ಟ, ಜ್ಜ, ಳ್ಳ, ತ್ತ, ಗ್ಗ, ಒಂಬತ್ತು ಒತ್ತುಗಳು ಒಂದೇ ಒಲೆಯ ಸುತ್ತ ಸಿಗುತ್ತವೆ. ಇದರ ಮೇಲೆ ಪಲ್ಯ, ಚಟ್ನಿ, ಪಾತ್ರೆ, ದಾಸ್ತಾನು ಸೇರಿಸಿದರೆ ವಿಜಾತೀಯಕ್ಕೂ ದಾರಿಯಾಯಿತು.

ಮಾಡುವ ಕ್ರಮ ಹೀಗೆ. ಪ್ರತಿ ಪದಾರ್ಥದಲ್ಲಿ ಸ್ವಲ್ಪ ತಂದು ಚಿಕ್ಕ ಬಟ್ಟಲುಗಳಲ್ಲಿ ಇಡಿ. ಹೆಸರಿನ ಚೀಟಿಗಳನ್ನು ಬೇರೆಯಾಗಿ ಹರಡಿ. ಓದಲು ತಡವರಿಸುವ ಮಕ್ಕಳು ಚೀಟಿಯನ್ನು ಸರಿಯಾದ ಬಟ್ಟಲಿನ ಮುಂದೆ ಇಡಬೇಕು. ಮಗುವಿಗೆ ವಸ್ತುವೂ ಗೊತ್ತು, ಹೆಸರೂ ಗೊತ್ತು. ಗೊತ್ತಿಲ್ಲದ್ದು ಆ ಒತ್ತಿನ ಆಕಾರ ಒಂದೇ. ಹಾಗಾಗಿ ‘ಎಣ್ಣೆ’ ಚೀಟಿ ಹಿಡಿದ ಮಗು ‘ಎ’ ಓದಿ, ಬಟ್ಟಲುಗಳ ಕಡೆ ನೋಡಿ, ಮಿಕ್ಕದ್ದನ್ನು ಊಹಿಸುತ್ತದೆ. ಊಹಿಸಲಿ. ಊಹೆ ಸರಿಯಾದ ಮೇಲೆ ಅದೇ ಣ್ಣ ಇರುವ ‘ಹಣ್ಣು’ ಚೀಟಿ ಕೊಡಿ, ಆಮೇಲೆ ಅಡುಗೆಮನೆಯಲ್ಲಿ ಇಲ್ಲದ ‘ಅಣ್ಣ’, ‘ಕಣ್ಣು’, ‘ಮಣ್ಣು’ ಕೊಡಿ. ಇಷ್ಟು ಹೊತ್ತಿಗೆ ಊಹಿಸುವ ಅಗತ್ಯ ಹೋಗಿ ಮಗು ಓದುತ್ತಿರುತ್ತದೆ. ಒಂದು ದಿನಕ್ಕೆ ಮೂರು ಒತ್ತು ಸಾಕು. ಉಳಿದವು ವಾರದ ಬೇರೆ ದಿನಗಳಿಗಿರಲಿ, ಪ್ರತಿದಿನ ಬೆಳಿಗ್ಗೆ ಅರ್ಧ ಗಂಟೆ.

ಓದು ಬಲ್ಲ ಮಕ್ಕಳು ಈ ಹೊತ್ತಿಗೆ ಸುಮ್ಮನೆ ಕೂರಬಾರದು. ಅವರಿಗೆ ಬೇಳೆ, ಎಣ್ಣೆ, ಉಪ್ಪಿನ ಖಾಲಿ ಪ್ಯಾಕೆಟ್ಟುಗಳನ್ನು ಕೊಟ್ಟು, ತಯಾರಾದ ದಿನಾಂಕ, ಎಷ್ಟು ದಿನದೊಳಗೆ ಬಳಸಬೇಕು, ನಿವ್ವಳ ತೂಕ ಎಷ್ಟು ಎಂದು ಹುಡುಕಿ ಬರೆಯಲು ಹೇಳಿ. ಎಣ್ಣೆಯ ಪ್ಯಾಕೆಟ್ಟನ್ನು ಚುರುಕು ಕಣ್ಣಿನ ಮಗುವಿಗೇ ಕೊಡಿ, ನಾಳೆ ಅದರ ಕೆಲಸವಿದೆ. ಮಧ್ಯಾಹ್ನ ಎಲ್ಲರೂ ಸೇರಿ ಅಡುಗೆಯವರಿಗೆ ಕೇಳಬೇಕಾದ ಪ್ರಶ್ನೆಗಳನ್ನು ಬರೆಯಲಿ. ‘ನೀವು ಎಷ್ಟು ಗಂಟೆಗೆ ಬರುತ್ತೀರಿ?’ ಎಂಬಂಥದ್ದು ಮೊದಲು ಬರುತ್ತದೆ. ‘ಅನ್ನ ಬೆಂದಿದೆ ಎಂದು ಹೇಗೆ ಗೊತ್ತಾಗುತ್ತದೆ ಅಕ್ಕ?’, ‘ಮಕ್ಕಳು ಹೆಚ್ಚು ಬಂದುಬಿಟ್ಟರೆ ಸಾಂಬಾರು ಹೇಗೆ ಸಾಲಿಸುತ್ತೀರಿ?’ ಎಂಬ ಮಟ್ಟಕ್ಕೆ ಬರುವವರೆಗೆ ಬಿಡಬೇಡಿ.

ನೆನೆದ ಕಾಳನ್ನು ಇಂದು ಎರಡು ಲೋಟಗಳಿಗೆ ಹಂಚಿ. ಒಂದರಲ್ಲಿ ಒದ್ದೆ ಬಟ್ಟೆಯ ಮೇಲೆ ಕಾಳು, ಇನ್ನೊಂದರಲ್ಲಿ ಕಾಳು ಪೂರ್ತಿ ಮುಳುಗುವಷ್ಟು ನೀರು. ಮೂರನೆಯದಕ್ಕೆ ನೆನೆಯದ ಒಣ ಕಾಳು.

ಬುಧವಾರ: ಪಟ್ಟಿ ಕಟ್ಟುವುದು

ವಾರದಲ್ಲಿ ಹೆಚ್ಚು ಹೊತ್ತು ಬೇಡುವ ದಿನ ಇದು. ಒಂದರಿಂದ ಐವತ್ತರವರೆಗೆ ಸಾಲು, ಮುಂದೆ ನಾಲ್ಕು ಅಂಕಣ. ಒಟ್ಟು ಇನ್ನೂರು ಮನೆ ತುಂಬಬೇಕು. ಮಕ್ಕಳು ಮೊದಲು ಬೆದರುತ್ತಾರೆ. ಸಾಲುಗಳನ್ನು ಹಂಚಿ. ನಾಲ್ಕನೇ ತರಗತಿಗೆ ಹತ್ತು, ಇಪ್ಪತ್ತು, ಮೂವತ್ತು ಇತ್ಯಾದಿ ದುಂಡು ಸಂಖ್ಯೆಗಳ ಸಾಲುಗಳು ಮತ್ತು ಅಕ್ಕಿಯ ಇಡೀ ಅಂಕಣ. ಐದನೇ ತರಗತಿಗೆ ಉಳಿದದ್ದು. ಒಂದೊಂದು ಸಾಲನ್ನೂ ಇಬ್ಬರು ಬೇರೆ ಬೇರೆ ಕುಳಿತು ಮಾಡಬೇಕು, ಆಮೇಲೆ ಹೋಲಿಸಬೇಕು. ಉತ್ತರ ಬೇರೆಯಾದರೆ ಶಿಕ್ಷಕರ ಬಳಿ ಬರುವ ಮೊದಲು ಅವರಿಬ್ಬರೇ ತಪ್ಪು ಹುಡುಕಬೇಕು. ಈ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸಿದರೆ ನೀವು ಕೊಠಡಿಯಲ್ಲಿ ಓಡಾಡಿ ನಿಜವಾಗಿ ನೆರವು ಬೇಕಾದವರ ಪಕ್ಕ ಕೂರಬಹುದು.

ಅರ್ಧ ಗಂಟೆ ಕಳೆಯುವುದರೊಳಗೆ ಯಾರೋ ಒಬ್ಬರು ತರಕಾರಿ ಯಾವಾಗಲೂ ಅಕ್ಕಿಯ ಅರ್ಧ ಎಂದು ಕಂಡುಕೊಳ್ಳುತ್ತಾರೆ. ಇನ್ನೊಬ್ಬರು ಎಣ್ಣೆ ತರಕಾರಿಯ ಹತ್ತನೇ ಒಂದು ಭಾಗ ಎನ್ನುತ್ತಾರೆ. ನೀವಾಗಿ ಹೇಳಿಬಿಡಬೇಡಿ, ದಯವಿಟ್ಟು. ಮಗು ಕಂಡುಕೊಂಡಾಗ ಕೆಲಸ ನಿಲ್ಲಿಸಿ, ಅದನ್ನು ಎಲ್ಲರ ಮುಂದೆ ವಿವರಿಸಲು ಹೇಳಿ. 37 ಮಕ್ಕಳಿಗೆ ಅಕ್ಕಿ 3700 ಗ್ರಾಂ, ಹಾಗಾದರೆ ತರಕಾರಿ 1850 ಗ್ರಾಂ: ಇದನ್ನು ಗುಣಿಸಿಯೂ ನೋಡಿ, ಅರ್ಧ ಮಾಡಿಯೂ ನೋಡಿ ಎರಡೂ ಒಂದೇ ಎಂದು ಖಚಿತಪಡಿಸಿಕೊಂಡ ಮಗುವಿಗೆ ಭಿನ್ನರಾಶಿಯ ಬಗ್ಗೆ ಹೆಚ್ಚು ಹೇಳಬೇಕಾಗುವುದಿಲ್ಲ.

ಎಣ್ಣೆಯ ವಿಷಯ ಐದನೇ ತರಗತಿಗೆ. ಪ್ಯಾಕೆಟ್ಟಿನ ಮೇಲೆ 1 ಲೀಟರ್ ಎಂದೂ ಇದೆ, ಸುಮಾರು 910 ಗ್ರಾಂ ಎಂದೂ ಇದೆ. ಎರಡರಲ್ಲಿ ಯಾವುದು ನಿಜ? ಎರಡೂ ನಿಜ. ಒಂದೇ ಲೋಟದಲ್ಲಿ ನೀರು ತುಂಬಿ ತೂಗಿ, ಅದೇ ಗುರುತಿನವರೆಗೆ ಎಣ್ಣೆ ತುಂಬಿ ತೂಗಿ. ಎಣ್ಣೆ ಹಗುರ. ಅದಕ್ಕೇ ನೀರಿನ ಮೇಲೆ ತೇಲುತ್ತದೆ, ಸಾಂಬಾರಿನ ಮೇಲೆ ಎಣ್ಣೆ ಕಾಣುವುದನ್ನು ಮಕ್ಕಳು ದಿನವೂ ನೋಡಿದ್ದಾರೆ. 41 ಮಕ್ಕಳಿಗೆ 205 ಗ್ರಾಂ ಎಣ್ಣೆ ಎಂದರೆ 205 ಮಿಲಿಲೀಟರ್‌ಗಿಂತ ಸ್ವಲ್ಪ ಹೆಚ್ಚು. ಪರಿಸರ ಅಧ್ಯಯನದ ಈ ದಿನದ ಪಾಠ ಇಲ್ಲಿಗೆ ಮುಗಿಯಿತು, ಬೇರೆ ಅವಧಿ ಬೇಡ.

ಗುರುವಾರ: ಅರ್ಧ ಖಾಲಿ ಬಿಡಿ

ಈ ದಿನಕ್ಕೆ ಬೇಕೆಂದೇ ಕಡಿಮೆ ಕೆಲಸ ಇಡಿ. ತರಬೇತಿಗೆ ಕರೆ ಬರುತ್ತದೆ, ಆನ್‌ಲೈನ್‌ನಲ್ಲಿ ಮಾಹಿತಿ ತುಂಬಲು ಹೇಳುತ್ತಾರೆ, ಆರೋಗ್ಯ ತಪಾಸಣೆಗೆ ಬರುತ್ತಾರೆ. ಆರು ದಿನವನ್ನೂ ಒತ್ತೊತ್ತಾಗಿ ತುಂಬಿದ ಯೋಜನೆ ಮೊದಲ ಸುತ್ತೋಲೆಗೇ ಕುಸಿಯುತ್ತದೆ. ಏನೂ ಅಡ್ಡಿ ಬರದಿದ್ದರೆ ಬುಧವಾರ ಉಳಿದ ಸಾಲುಗಳನ್ನು ಮುಗಿಸಿ, ಮೂರು ದಿನದಿಂದ ಬಾರದ ಮಗು ಬಂದಿದ್ದರೆ ಅದಕ್ಕೆ ಜೊತೆಗಾರರನ್ನು ಕೊಟ್ಟು ಒಂದು ಸಾಲು ಮಾಡಿಸಿ.

ಅಡುಗೆಯವರನ್ನು ತರಗತಿಗೆ ಕರೆದು ಕುರ್ಚಿ ಹಾಕಿ ಕೂರಿಸಿ, ಮಂಗಳವಾರದ ಪ್ರಶ್ನೆಗಳನ್ನು ಮಕ್ಕಳು ಕೇಳಲಿ. ಕುರ್ಚಿಯ ಮಾತನ್ನು ಬೇಕೆಂದೇ ಹೇಳುತ್ತಿದ್ದೇನೆ. ದಿನವೂ ಬಡಿಸುವವರು ಇಂದು ಹೇಳಿಕೊಡುವವರಾಗಿದ್ದಾರೆ ಎಂಬುದು ಮಕ್ಕಳಿಗೆ ಕಾಣಬೇಕು.

ಮನೆಗೆಲಸ ಒಂದೇ: ಅಪ್ಪ ಅಮ್ಮನನ್ನೂ ಅಜ್ಜ ಅಜ್ಜಿಯನ್ನೂ ‘ನೀವು ಶಾಲೆಯಲ್ಲಿ ಏನು ತಿನ್ನುತ್ತಿದ್ದಿರಿ?’ ಎಂದು ಕೇಳಿ ಐದು ವಾಕ್ಯ ಬರೆದು ತರುವುದು. ಕೆಲವು ಅಜ್ಜ ಅಜ್ಜಿಯರು ಕೇರ್ ಎಂಬ ವಿದೇಶಿ ನೆರವು ಸಂಸ್ಥೆಯ ಉಪ್ಪಿಟ್ಟನ್ನು ನೆನೆಯುತ್ತಾರೆ. 1995ರಲ್ಲಿ ಬಂದ ಶಾಲಾ ಆಹಾರದ ರಾಷ್ಟ್ರೀಯ ಯೋಜನೆಯ ನಂತರ ಓದಿದ ತಂದೆತಾಯಿಯರಲ್ಲಿ ಕೆಲವರು ತಿಂಗಳಿಗೆ 3 ಕಿಲೋ ಧಾನ್ಯವನ್ನು ಚೀಲದಲ್ಲಿ ಮನೆಗೆ ಒಯ್ದವರು. ಅದಕ್ಕೆ ಶೇಕಡ 80ರಷ್ಟು ಹಾಜರಾತಿ ಇರಬೇಕಿತ್ತು. ಕರ್ನಾಟಕದಲ್ಲಿ ಬೇಯಿಸಿದ ಊಟ 2002ರಲ್ಲಿ ಈಶಾನ್ಯದ ಏಳು ಜಿಲ್ಲೆಗಳಿಂದ ಶುರುವಾಯಿತು. ಕ್ಷೀರಭಾಗ್ಯದ ಹಾಲು ಬಂದದ್ದು 2013ರ ಆಗಸ್ಟ್ 1ರಂದು. ಅಜ್ಜಿ, ಅಮ್ಮ, ಮಗು ಎಂದು ಮೂರು ತಲೆಮಾರಿನ ಕಾಲರೇಖೆ ಇದರಿಂದ ತಾನಾಗಿ ಸಿಗುತ್ತದೆ. ಶಾಲೆಗೇ ಹೋಗದ ಅಜ್ಜಿಯರಿರುತ್ತಾರೆ. ಆ ಮಗು ‘ಅಜ್ಜಿ ಶಾಲೆಗೆ ಹೋಗಿರಲಿಲ್ಲ, ಹೊಲಕ್ಕೆ ಬುತ್ತಿ ಒಯ್ಯುತ್ತಿದ್ದಳು’ ಎಂದು ಬರೆದು ತಂದರೆ ಅದು ಉಳಿದವುಗಳಷ್ಟೇ ಪೂರ್ಣವಾದ ಉತ್ತರ. ಓದಿಸುವಾಗ ಆ ಮಗುವಿಗೆ ಮುಜುಗರವಾಗದಂತೆ ನೋಡಿಕೊಳ್ಳಿ.

ಶುಕ್ರವಾರ: ಯಾರು ಎಲ್ಲಿದ್ದಾರೆ

ಬೆಳಿಗ್ಗೆ ಲೋಟಗಳನ್ನು ನೋಡಿ. ಒದ್ದೆ ಬಟ್ಟೆಯ ಕಾಳಿನ ಮೊಳಕೆಯನ್ನು ಬುಧವಾರದಿಂದ ಸ್ಕೇಲಿನಲ್ಲಿ ಅಳೆದು ಬರೆಯುತ್ತ ಬಂದಿದ್ದರೆ ಇಂದು ಸಣ್ಣ ಸ್ತಂಭಾಲೇಖ ಬರೆಸಬಹುದು. ಒಣ ಕಾಳು ಹಾಗೆಯೇ ಇರುತ್ತದೆ. ನೀರಿನಲ್ಲಿ ಮುಳುಗಿದ ಕಾಳಿಗೆ ಗಾಳಿ ಸಾಲದೆ ಬೆಳವಣಿಗೆ ಕುಂಠಿತವಾಗಿ ವಾಸನೆ ಬರತೊಡಗುತ್ತದೆ. ಮೂಗು ಮುಚ್ಚಿಕೊಂಡ ಮಕ್ಕಳು ಬೀಜಕ್ಕೆ ನೀರಿನ ಜೊತೆ ಗಾಳಿಯೂ ಬೇಕು ಎಂಬುದನ್ನು ಮರೆಯುವುದಿಲ್ಲ. ಈ ಲೋಟಗಳ ಕಾಳನ್ನು ತಿನ್ನಲು ಬಿಡಬೇಡಿ.

ಇದಾದ ಮೇಲೆ ಚೀಟಿಯಲ್ಲಿ ಎರಡೇ ಲೆಕ್ಕ. ಪಟ್ಟಿಯನ್ನು ಮಡಚಿಟ್ಟು, 33 ಮಕ್ಕಳಿಗೆ ಬೇಳೆ ಎಷ್ಟು, 21 ಮಕ್ಕಳಿಗೆ ತರಕಾರಿ ಎಷ್ಟು ಎಂದು ಕೇಳಿ. ಎರಡನೆಯದನ್ನು ಬೇಕೆಂದೇ ಆರಿಸಿದ್ದು. 1050 ಗ್ರಾಂ ಅನ್ನು 1 ಕಿಲೋ 50 ಗ್ರಾಂ ಎಂದು ಯಾರು ಬರೆದರು, 1 ಕಿಲೋ 500 ಗ್ರಾಂ ಎಂದು ಯಾರು ಬರೆದರು ಎಂಬುದರಿಂದ ಸೋಮವಾರದ ಆ ಸೊನ್ನೆ ಯಾರಲ್ಲಿ ನೆಟ್ಟಗಾಯಿತು ಎಂದು ತಿಳಿಯುತ್ತದೆ. ಕನ್ನಡಕ್ಕೆ, ಸಾಂಬಾರು ಮಾಡುವ ಕ್ರಮವನ್ನು ತಮ್ಮ ಮಾತಿನಲ್ಲಿ ಬರೆಯುವುದು. ‘ಮೊದಲು’, ‘ಆಮೇಲೆ’, ‘ಅಷ್ಟರಲ್ಲಿ’ ಎಂಬ ಪದಗಳು ಸರಿಯಾದ ಜಾಗದಲ್ಲಿ ಬಂದಿವೆಯೇ ಎಂದು ನೋಡಿ. ಕಾಗುಣಿತದ ತಪ್ಪುಗಳನ್ನು ಇದೇ ಹಾಳೆಯಲ್ಲಿ ತಿದ್ದಬೇಡಿ, ಬೇರೆ ಬರೆದಿಟ್ಟುಕೊಳ್ಳಿ. ಅಂಕ ಹಾಕುವ ಅಗತ್ಯವೂ ಇಲ್ಲ. ನಿಮ್ಮ ಟಿಪ್ಪಣಿ ಪುಸ್ತಕದಲ್ಲಿ ಹೆಸರಿನ ಮುಂದೆ ಒಂದು ಸಾಲು ಬರೆದರೆ ರೂಪಣಾತ್ಮಕ ಮೌಲ್ಯಮಾಪನಕ್ಕೆ, ಅಂದರೆ ಕಲಿಯುತ್ತಿರುವಾಗಲೇ ಮಾಡುವ ಮೌಲ್ಯಮಾಪನಕ್ಕೆ, ಅದೇ ಆಧಾರ.

ಶನಿವಾರ

ಬೆಳಗಿನ ಶಾಲೆ, ಕವಾಯತು ಮುಗಿಯುವ ಹೊತ್ತಿಗೆ ಸಮಯ ಕಡಿಮೆ. ಪಟ್ಟಿಯ ದೊಡ್ಡ ಹಾಳೆಗೆ ಅಂಕಿಗಳನ್ನು ಬರೆಯುವುದನ್ನು ಅಂದವಾಗಿ ಬರೆಯುವ ನಾಲ್ವರಿಗೇ ಬಿಡಬೇಡಿ. ತಾವು ಲೆಕ್ಕ ಮಾಡಿದ ಸಾಲನ್ನು ಆಯಾ ಮಕ್ಕಳೇ ಬರೆಯಲಿ. ಅಕ್ಷರ ಸೊಟ್ಟಗಿದ್ದರೂ ಅಡುಗೆಯವರಿಗೆ ಓದಲು ಬಂದರೆ ಸಾಕು. ಅಡುಗೆಯವರಿಗೆ ಓದು ಕಷ್ಟವಾಗಿದ್ದರೆ ಅಂಕಣದ ತಲೆಯಲ್ಲಿ ಅಕ್ಕಿ, ಬೇಳೆಯ ಚಿತ್ರ ಬರೆಸಿ, ಪಕ್ಕದಲ್ಲಿ ಡಬ್ಬದ ಲೆಕ್ಕ ಸೇರಿಸಿ. ಮನೆಯಲ್ಲಿ ತುಳು, ಉರ್ದು, ಲಂಬಾಣಿ ಆಡುವ ಮಕ್ಕಳಿದ್ದರೆ ಆ ಹೆಸರುಗಳಿಗೂ ಅಲ್ಲೇ ಜಾಗ ಕೊಡಿ. ಗೋಡೆಗೆ ಅಂಟಿಸುವ ಮೊದಲು ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಇಲ್ಲವಾದರೆ ಹದಿನೈದು ದಿನದಲ್ಲಿ ಒಗ್ಗರಣೆಯ ಹೊಗೆಗೆ ಅಕ್ಷರ ಕಾಣದಂತಾಗುತ್ತದೆ.

ಅಂಟಿಸಿದ ಮೇಲೆ ಅಡುಗೆಯವರು ಒಂದು ಸಂಖ್ಯೆ ಹೇಳಲಿ, ನಲಿ-ಕಲಿಯ ಮೂರನೇ ತರಗತಿಯ ಮಗುವೊಂದು ಪಟ್ಟಿ ನೋಡಿ ಅಕ್ಕಿ ಎಷ್ಟೆಂದು ಹೇಳಲಿ. ಅದಕ್ಕೆ ಸಾಧ್ಯವಾಗದಿದ್ದರೆ ಪಟ್ಟಿಯಲ್ಲೇ ಏನೋ ಗೊಂದಲವಿದೆ, ಸಾಲುಗಳ ಮಧ್ಯೆ ಗೆರೆ ಎಳೆಯಬೇಕು ಇಲ್ಲವೇ ಹತ್ತರ ಸಾಲುಗಳಿಗೆ ಬೇರೆ ಬಣ್ಣ ಕೊಡಬೇಕು. ಐದನೇ ತರಗತಿಯವರು ಅದನ್ನು ಅಲ್ಲೇ ಸರಿಪಡಿಸಲಿ.

ಮಕ್ಕಳು ಹೋದ ಮೇಲೆ ಶುಕ್ರವಾರದ ಚೀಟಿಗಳನ್ನು ತೆಗೆಯಿರಿ. ಸೊನ್ನೆ ತಪ್ಪಿದವರ ಹೆಸರು ಒಂದು ಕಡೆ, ಒತ್ತಕ್ಷರದಲ್ಲಿ ನಿಂತವರ ಹೆಸರು ಇನ್ನೊಂದು ಕಡೆ ಬರೆದು, ಮುಂದಿನ ವಾರದ ಬೆಳಗಿನ ಅರ್ಧ ಗಂಟೆಯನ್ನು ಅವರಿಗೆ ಮೀಸಲಿಡಿ. ಮುಂದಿನ ವಾರಕ್ಕೆ ಶಾಲೆಯ ನೀರಿನ ಟ್ಯಾಂಕು ಆಗಬಹುದು: ಎಷ್ಟು ಲೀಟರ್ ಹಿಡಿಯುತ್ತದೆ, ಕೈ ತೊಳೆಯಲು ಎಷ್ಟು ಹೋಗುತ್ತದೆ, ಕರೆಂಟು ಇಲ್ಲದ ದಿನ ಎಷ್ಟು ಹೊತ್ತು ಸಾಲುತ್ತದೆ. ಶನಿವಾರಕ್ಕೆ ಏನು ತಯಾರಾಗಬೇಕು ಎಂಬುದನ್ನು ಮೊದಲು ಬರೆದುಕೊಂಡು ಕುಳಿತುಕೊಳ್ಳಿ.